ಕಂಬಕ್ಕೆ ಯಾವ ಮರ, ತೊಲೆಗೆ ಯಾವ ಮರ?

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಜಮೀನಿನಲ್ಲಿ ಮರದ ಕಂಬ, ತೊಲೆಗಳ ಮೇಲೆ ಹೆಂಚಿನ ಮಾಡು ನಿಲ್ಲುವಂತಹ ಮನೆ ಕಟ್ಟಿಸಬೇಕೆಂದಿದ್ದೇವೆ. ಪೂರ್ತಿ ಸಾಗುವಾನಿ ಹಾಕಿಸುವ ಶಕ್ತಿ ನಮಗಿಲ್ಲ. ತೋಟದಲ್ಲಿ ಹಳೆಯ ಹಲಸಿನ ಮರಗಳು, ಎರಡು ಮತ್ತಿ ಮತ್ತು ಕೆಲವು ಸಿಲ್ವರ್ ಓಕ್ ಇವೆ. ಇವುಗಳಲ್ಲಿ ಯಾವುದು ಯಾವುದಕ್ಕೆ ಆದೀತು? ಕಡಿದ ಮೇಲೆ ಎಷ್ಟು ಕಾಲ ಒಣಗಿಸಬೇಕು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಮರದ ಜಾತಿಯನ್ನು ಆರಿಸುವ ಮೊದಲು, ಮನೆಯ ಯಾವ ಭಾಗಕ್ಕೆ ನೀರು ತಾಗುತ್ತದೆ, ಯಾವ ಭಾಗ ಹೆಚ್ಚು ಭಾರ ಹೊರುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗುರುತು ಮಾಡಿಕೊಳ್ಳಿ. ಮಲೆನಾಡಿನ ಮಳೆಗೆ ಮೈಯೊಡ್ಡುವ ಜಗಲಿಯ ಕಂಬಕ್ಕೂ ಹೆಂಚಿನಡಿ ಬೆಚ್ಚಗಿರುವ ಒಳಗಿನ ತೊಲೆಗೂ ಒಂದೇ ಮರ ಬೇಕೆಂಬ ನಿಯಮವಿಲ್ಲ. ಹಳೆಯ ಮನೆಗಳಲ್ಲಿಯೂ ಹಾಗೆ ಒಂದೇ ಜಾತಿಯ ಮರವನ್ನು ಬಳಸಿದ್ದು ಅಪರೂಪ.

ನಿಮ್ಮಲ್ಲಿರುವ ಮರಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಹಲಸಿಗೆ. ಬಲಿತ ಹಲಸಿನ ಕೆಚ್ಚು, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗ, ಗೆದ್ದಲನ್ನು ಚೆನ್ನಾಗಿ ತಡೆಯುತ್ತದೆ, ಒಣಗುವಾಗ ಹೆಚ್ಚು ತಿರುಚಿಕೊಳ್ಳುವುದಿಲ್ಲ, ಉಳಿ ಹಾಕಿದರೆ ಸಲೀಸಾಗಿ ಕೆಲಸ ಮಾಡಿಸಿಕೊಳ್ಳುತ್ತದೆ. ಆದ್ದರಿಂದ ಕಂಬ, ಕಂಬದ ತಲೆಯ ಮೇಲೆ ಕೂತು ತೊಲೆಯನ್ನು ಹೊರುವ ಬೋದಿಗೆ, ಬಾಗಿಲವಾಡಗಳನ್ನು ಇದರಲ್ಲಿಯೇ ಮಾಡಿಸಿ. ಕೊಯ್ದ ದಿಮ್ಮಿಯ ತುದಿಯನ್ನು ನೋಡಿದರೆ ನಡುವೆ ಹಳದಿ ಕೆಚ್ಚು, ಅದರ ಸುತ್ತ ಮಾಸಲು ಬಿಳಿಯ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಆ ಬಿಳಿ ಭಾಗವನ್ನು ಹುಳು ಬಹಳ ಬೇಗ ತಿನ್ನುವುದರಿಂದ, ಮಿಲ್ಲಿನಲ್ಲಿ ಅದನ್ನು ಪೂರ್ತಿ ತೆಗೆಸಿ ಉಳಿದುದನ್ನಷ್ಟೇ ಅಳತೆಗೆ ಹಿಡಿಯಿರಿ. ಈ ಮಾತು ಸಾಗುವಾನಿಗೂ ಅನ್ವಯಿಸುತ್ತದೆ. ಬಿಳಿ ಭಾಗವೇ ಹೆಚ್ಚಿರುವ ಎಳೆಯ ಸಾಗುವಾನಿಯನ್ನು ಹೆಸರು ನೋಡಿ ದುಬಾರಿ ಬೆಲೆಗೆ ಕೊಳ್ಳುವುದಕ್ಕಿಂತ, ಬಲಿತ ಹಲಸನ್ನು ಬಳಸುವುದು ಎಷ್ಟೋ ಮೇಲು.

ಮತ್ತಿ ಹಲಸಿಗಿಂತ ಭಾರವಾದ, ಹೆಚ್ಚು ಗಟ್ಟಿಯಾದ ಮರ; ತೊಲೆ, ಜಂತಿಗಳಿಗೆ ಒಳ್ಳೆಯದು. ಆದರೆ ಅದು ಒಣಗುವಾಗ ತುಂಬ ಹಟ ಮಾಡುತ್ತದೆ. ಬಿಸಿಲಿಗೆ ಬಿಟ್ಟರೆ ತುದಿಗಳು ಸೀಳುತ್ತವೆ, ಮೈಮೇಲೆ ಬಿರುಕು ಬೀಳುತ್ತದೆ. ಹಸಿಯಿರುವಾಗ 200 ಮಿ.ಮೀ. ಅಗಲವಿದ್ದ ಮತ್ತಿಯ ತೊಲೆ ಒಣಗಿದ ಮೇಲೆ ಏಳೆಂಟು ಮಿಲಿಮೀಟರಿನಷ್ಟು ಕುಗ್ಗಬಹುದು. ಉದ್ದದಲ್ಲಿ ಮರ ಕುಗ್ಗುವುದು ನಗಣ್ಯ. ಕುಗ್ಗುವುದೆಲ್ಲ ಅಡ್ಡಲಾಗಿ, ಅದರಲ್ಲಿಯೂ ವರ್ಷದ ಉಂಗುರಗಳ ಗುಂಟ ಹೆಚ್ಚು. ಕಂಬದಲ್ಲಿ ಕಿಂಡಿ ತೋಡಿ, ತೊಲೆಯ ತುದಿಯ ನಾಲಿಗೆಯನ್ನು ಅದರಲ್ಲಿ ಕೂರಿಸುವ ಸಂಧುಗಳು ಸಡಿಲವಾಗುವುದು ಇದರಿಂದಲೇ. ಆದ್ದರಿಂದ ಮತ್ತಿಯನ್ನು ಹಸಿಯಿರುವಾಗಲೇ ಕೊಯ್ಸಿ, ತುದಿಗಳಿಗೆ ಡಾಂಬರು ಅಥವಾ ದಪ್ಪ ಬಣ್ಣ ಬಳಿದು, ನಡುನಡುವೆ ರೀಪುಗಳನ್ನು (ತೆಳು ಮರದ ಪಟ್ಟಿಗಳನ್ನು) ಇಟ್ಟು, ಗಾಳಿಯಾಡುವ ನೆರಳಿನಲ್ಲಿ ನೆಲದಿಂದ ಮೇಲೆ ಪೇರಿಸಿಡಿ. ದಪ್ಪದ ಒಂದಂಗುಲಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕದಂತೆ ಐದಾರು ಅಂಗುಲದ ತೊಲೆಗೆ ಕಾಯುವುದು ಸಾಧ್ಯವಿಲ್ಲದಿದ್ದರೆ, ಕನಿಷ್ಠ ಒಂದು ಬೇಸಿಗೆಯನ್ನಾದರೂ ಪೂರ್ತಿ ಕಳೆಯಲು ಬಿಡಿ. ಸಂಧುಗಳಿಗೆ ಬಡಿಯುವ ಗೂಟಗಳನ್ನು ಮಾತ್ರ ಚೆನ್ನಾಗಿ ಒಣಗಿದ ಗಟ್ಟಿ ಮರದಲ್ಲಿಯೇ ಮಾಡಿಸಿ.

ಮತ್ತಿ ಸಾಲದೆ ಕೆಲವು ತೊಲೆಗಳಿಗೆ ಹಲಸನ್ನೇ ಬಳಸಬೇಕಾಗಿ ಬಂದರೆ, ಅಗಲಕ್ಕಿಂತ ಎತ್ತರವನ್ನು ಹೆಚ್ಚಿಸಿ. ತೊಲೆಯ ಎತ್ತರ ಇಮ್ಮಡಿಯಾದರೆ ಬಾಗದೆ ನಿಲ್ಲುವ ಅದರ ಗುಣ ಎಂಟು ಪಟ್ಟಾಗುತ್ತದೆ, ಅಗಲ ಇಮ್ಮಡಿಯಾದರೆ ಎರಡೇ ಪಟ್ಟು. ಆದರೆ ಅಳತೆಗಳನ್ನು ಊಹೆಯ ಮೇಲೆ ಬಿಡಬೇಡಿ. ಕಟ್ಟಡದ ಮರಗಳ ವಿನ್ಯಾಸಕ್ಕೆಂದೇ ಐಎಸ್ 883 ಎಂಬ ಭಾರತೀಯ ಮಾನಕವಿದೆ. ಅದನ್ನು ಬಲ್ಲ ಎಂಜಿನಿಯರರಿಂದ ಹೆಂಚಿನ ಭಾರಕ್ಕೆ ಲೆಕ್ಕ ಹಾಕಿಸಿ.

ಸಿಲ್ವರ್ ಓಕನ್ನು ಭಾರ ಹೊರುವಲ್ಲಿ ಹಾಕಬೇಡಿ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಉಪಚರಿಸಿ ಒಳಗಿನ ಹಲಗೆ, ಕಪಾಟುಗಳಿಗೆ ಬಳಸಬಹುದು.

ಎಂತಹ ಕೆಚ್ಚಿನ ಕಂಬವಾದರೂ ಬುಡ ತೇವದಲ್ಲಿದ್ದರೆ ಉಳಿಯುವುದಿಲ್ಲ. ಕಂಬದ ಬುಡದ ತುದಿಯಲ್ಲಿರುವ ಸೂಕ್ಷ್ಮ ನಳಿಕೆಗಳು ನೀರನ್ನು ಮೇಲಕ್ಕೆಳೆಯುವುದರಿಂದ, ಅದನ್ನು ಮಳೆಯ ಎರಚಲು ತಲುಪದಷ್ಟು ಎತ್ತರದ ಕಲ್ಲಿನ ಮೇಲೆ ನಿಲ್ಲಿಸಿ, ಕಲ್ಲಿನ ಮೇಲ್ಮೈಯಲ್ಲಿ ನೀರು ನಿಲ್ಲದಂತೆ ಇಳಿಜಾರು ಕೊಡಿಸಿ. ಸೂರನ್ನು ಸಾಕಷ್ಟು ಮುಂದಕ್ಕೆ ಚಾಚಿಸಿ. ಮರ ಕಡಿಯುವ ಮತ್ತು ಸಾಗಿಸುವ ಮುನ್ನ, ಸ್ವಂತ ಜಮೀನಿನದಾದರೂ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ.

ಪ್ರಶ್ನೆ: ಕೆಡವಿದ ಹಳೆಯ ಮನೆಯ ನಾಟಾ ಕೊಳ್ಳಬಹುದೇ? ಎಲ್ಲವೂ ಸಾಗುವಾನಿ ಎಂದು ಮಾರುವವರು ಹೇಳುತ್ತಾರೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಧಾರಾಳವಾಗಿ ಕೊಳ್ಳಬಹುದು. ಕುಗ್ಗುವಷ್ಟನ್ನೂ ಕುಗ್ಗಿ ಮುಗಿಸಿದ ಮರ ಹೊಸ ಮರಕ್ಕಿಂತ ನಂಬಿಕೆಗೆ ಅರ್ಹ. ಗೋಡೆಯೊಳಗೆ ಸೇರಿದ್ದ ತುದಿಗಳನ್ನು ಮೊದಲು ಪರೀಕ್ಷಿಸಿ. ಚೂಪಾದ ಉಳಿಯಿಂದ ಚುಚ್ಚಿದಾಗ ಮೆತ್ತಗೆ ಒಳಗಿಳಿದರೆ ಆ ಭಾಗ ಕೊಳೆತಿದೆಯೆಂದೇ ಅರ್ಥ. ಹಳೆಯ ಕಿಂಡಿಗಳು ಹೊಸ ತೊಲೆಯ ನಡುವೆ ಬರದಂತೆ ಕತ್ತರಿಸಿ, ಮೊಳೆಗಳನ್ನು ಕಿತ್ತ ಮೇಲಷ್ಟೇ ಮಿಲ್ಲಿಗೆ ಕೊಡಿ. ಜಾತಿಯ ಬಗ್ಗೆ ಅನುಮಾನವಿದ್ದರೆ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಒಂದು ತುಂಡನ್ನು ಒಯ್ದು ತೋರಿಸಿ, ಹಣ ಕೊಡುವುದನ್ನು ಆ ನಂತರಕ್ಕೆ ಇಟ್ಟುಕೊಳ್ಳಿ.