ತರಬೇತಿಯಲ್ಲಿ ಏರಿದ ಅಂಕ ಸಂತೆಯಲ್ಲಿ ನೆರವಾದೀತೇ?

ಪ್ರಶ್ನೆ: ನಮ್ಮ ತಂದೆ ಜೀವನವಿಡೀ ಅಕ್ಕಿ ಗಿರಣಿಯಲ್ಲಿ ದುಡಿದವರು. ಕಿವಿ ಮಂದವಾಗಿ, ಈಚೆಗೆ ಹಿಯರಿಂಗ್ ಏಡ್ ಹಾಕಿಸಿದ್ದೇವೆ. ಆದರೂ ಗದ್ದಲದಲ್ಲಿ ಮಾತು ತಿಳಿಯುವುದಿಲ್ಲ. ಒಂದು ಕೇಂದ್ರದವರು ಕಂಪ್ಯೂಟರ್ ಮೂಲಕ ಶ್ರವಣ ತರಬೇತಿ ಕೊಡುತ್ತಾರಂತೆ. 'ಸಂಶೋಧನೆಯಿಂದ ಸಾಬೀತು' ಎಂಬ ಅವರ ಕರಪತ್ರದಲ್ಲಿ, ತರಬೇತಿ ಪಡೆದವರ ಅಂಕ ಏರಿದ ನಕ್ಷೆ ಇದೆ. ಶುಲ್ಕ ದುಬಾರಿ. ನಂಬಬಹುದೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ತಂಗಿ, ಹಣ ಕಟ್ಟುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಆ ನಕ್ಷೆ ಸುಳ್ಳಿರಲಿಕ್ಕಿಲ್ಲ. 'ಹಾಲು', 'ಕಾಲು', 'ಸಾಲು' ಎಂದು ಕೇಳಿಸಿ ಯಾವುದೆಂದು ಗುರುತಿಸುವುದನ್ನು ವಾರಗಟ್ಟಲೆ ರೂಢಿ ಮಾಡಿಸಿ, ಅದೇ ಪದಗಳಲ್ಲಿ ಪರೀಕ್ಷೆ ಕೊಟ್ಟರೆ ಅಂಕ ಏರಲೇಬೇಕು. ನಿಮ್ಮ ತಂದೆಯವರಿಗೆ ಬೇಕಾದದ್ದು ಬೇರೆ. ಗಂಜ್‌ನಲ್ಲಿ ಹಮಾಲರ ಕೂಗಿನ ನಡುವೆ ದಲಾಲರು ಹೇಳಿದ ದರ ತಿಳಿಯಬೇಕು. ಮದುವೆ ಊಟದ ಪಂಕ್ತಿಯಲ್ಲಿ ಬೀಗರ ಮಾತು ತಿಳಿಯಬೇಕು. ಕಲಿಸದ ಮಾತನ್ನು, ಗದ್ದಲದಲ್ಲಿ ಕೇಳಿಸಿ ಅಳೆದಿದ್ದಾರೆಯೇ? ಇದೇ ಮೊದಲ ಪ್ರಶ್ನೆ.

ಎರಡನೆಯದು ಇನ್ನೂ ಮುಖ್ಯ: ಯಾರೊಂದಿಗೆ ಹೋಲಿಸಿದ್ದಾರೆ? ಹೊಸ ಸಾಧನ ಹಾಕಿಕೊಂಡವರು ಅದಕ್ಕೆ ಒಗ್ಗಿಕೊಳ್ಳುತ್ತಾ ಹೋದಂತೆ ತಾವಾಗಿಯೇ ಸುಧಾರಿಸಬಹುದು. ಪರೀಕ್ಷೆಯನ್ನು ಎರಡನೆಯ ಸಲ ಬರೆದಾಗ ಭಯವೂ ಕಡಿಮೆ. ತರಬೇತಿ ಪಡೆಯದ ಗುಂಪೊಂದು ಪಕ್ಕದಲ್ಲಿರದಿದ್ದರೆ, ಏರಿಕೆಯ ಶ್ರೇಯಸ್ಸು ಯಾವುದಕ್ಕೆ ಸೇರಬೇಕೆಂದು ಹೇಳಲಾಗದು. ಯಾರು ಯಾವ ಗುಂಪಿಗೆ ಎಂಬುದನ್ನೂ ಚೀಟಿ ಎತ್ತಿದಂತೆ ನಿರ್ಧರಿಸಿರಬೇಕು. ಉತ್ಸಾಹಿಗಳನ್ನೆಲ್ಲ ಒಂದೇ ಕಡೆ ಕೂಡಿಸಿದರೆ ಲೆಕ್ಕ ಕೆಡುತ್ತದೆ.

ಬ್ರಿಟನ್ನಿನ ಸಂಶೋಧಕರಾದ ಹೆನ್‌ಶಾ ಮತ್ತು ಫರ್ಗುಸನ್ 2013ರಲ್ಲಿ ಇಂಥ ಕಂಪ್ಯೂಟರ್ ತರಬೇತಿಯ 13 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಅಭ್ಯಾಸ ಮಾಡಿಸಿದ ಕೆಲಸದಲ್ಲಿ ಸುಧಾರಣೆ ಸ್ಪಷ್ಟವಾಗಿತ್ತು. ಅದರಾಚೆಗಿನ ಲಾಭ ಸಣ್ಣದು, ಒಂದೊಂದು ಕಡೆ ಒಂದೊಂದು ಬಗೆ. ಪುರಾವೆಯ ಗುಣಮಟ್ಟ ತೀರಾ ಕೆಳಮಟ್ಟದಿಂದ ಸಾಧಾರಣದವರೆಗೆ ಎಂದು ಅವರು ತೂಗಿದರು. ಬಳಿಕ 2016ರಲ್ಲಿ ಅಮೆರಿಕದಲ್ಲಿ 279 ಮಾಜಿ ಸೈನಿಕರ ಮೇಲೆ 'ಲೇಸ್' ಎಂಬ ಪ್ರಸಿದ್ಧ ತರಬೇತಿಯ ಪರೀಕ್ಷೆಯ ಫಲಿತಾಂಶ ಬಂತು. ಒಂದು ಗುಂಪಿಗೆ ಓದಿ ಧ್ವನಿಮುದ್ರಿಸಿದ ಪುಸ್ತಕಗಳನ್ನಷ್ಟೇ ಕೇಳಿಸಿ, ಅದೂ ತರಬೇತಿಯೇ ಎಂಬಂತೆ ಇಟ್ಟಿದ್ದರು. ಹೋಲಿಸಿ ನೋಡಿದರೆ ಲೇಸ್‌ನಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಈ ಎಚ್ಚರದ ಅಧ್ಯಯನದ ಮುಂದೆ 'ಸಾಬೀತು' ಎಂಬ ಪದವನ್ನು ಕರಪತ್ರದಲ್ಲಿ ಅಚ್ಚು ಹಾಕುವುದು ನನಗೆ ಸಿಟ್ಟು ತರಿಸುತ್ತದೆ. ಕಿವಿ ಮಂದವಾದವರ ಮನೆಯ ಹಣ ಅದು.

ತರಬೇತಿಯೇ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಧೈರ್ಯ ಬರುತ್ತದೆ, ಸಾಧನ ಹಾಕಿಕೊಳ್ಳುವ ರೂಢಿ ಉಳಿಯುತ್ತದೆ. ಆದರೆ ಅದಕ್ಕೂ ಮುಂಚೆ ಆಗಬೇಕಾದದ್ದಿದೆ. ಗಿರಣಿಯ ಸದ್ದು ಮೊದಲು ಕೆಡಿಸುವುದು ಎತ್ತರದ ಶ್ರುತಿಯ ಸದ್ದುಗಳನ್ನು ಕೇಳುವ ಶಕ್ತಿಯನ್ನು. 'ಸ', 'ಶ'ದಂಥ ವ್ಯಂಜನಗಳು ಕೈತಪ್ಪುತ್ತವೆ. ಕಿವಿಯೊಳಗೆ ಸಣ್ಣ ಮೈಕ್ ಇಳಿಸಿ, ಸಾಧನ ಆ ಸದ್ದುಗಳನ್ನು ಸಾಕಷ್ಟು ತಲುಪಿಸುತ್ತಿದೆಯೇ ಎಂದು ಅಳೆಯಲು ಆಡಿಯಾಲಜಿಸ್ಟರನ್ನು (ಶ್ರವಣ ತಜ್ಞರನ್ನು) ಕೇಳಿ. ಇದಾಗದೆ ತರಬೇತಿ ಕೊಟ್ಟರೆ, ಕೇಳಿಸದ ಸದ್ದನ್ನು ಗುರುತಿಸು ಎಂದಂತೆ. ಮನೆಯಲ್ಲಿ ಟಿವಿ ಆರಿಸಿ, ಬೆಳಕಿನಲ್ಲಿ, ಮುಖ ನೋಡಿ ಮಾತಾಡಿ.

ಕೇಂದ್ರದವರ ಮುಂದೆ ಒಂದು ಷರತ್ತು ಇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ವಾಕ್ಯ ಪರೀಕ್ಷೆಗಳು ಸಿದ್ಧವಾಗಿವೆ. ಅಂಥದೊಂದರಿಂದ, ತರಬೇತಿಯಲ್ಲಿ ಬಳಸದ ವಾಕ್ಯಗಳನ್ನು ಗದ್ದಲದೊಂದಿಗೆ ಕೇಳಿಸಿ, ಮೊದಲು, ಮುಗಿದ ಮೇಲೆ, ಮತ್ತೆ ಕೆಲವು ತಿಂಗಳ ಬಳಿಕ ಬೇರೊಬ್ಬರಿಂದ ಅಳೆಸಲಿ. ಒಪ್ಪದಿದ್ದರೆ ಆ ಹಣವನ್ನು ಬ್ಯಾಟರಿಗೆ, ದುರಸ್ತಿಗೆ ಇಟ್ಟುಕೊಳ್ಳಿ.