ಅತ್ತೆಯ ಫೈಲು ಮೂರು ಊರಲ್ಲಿದೆ, ಏನು ಮಾಡಲಿ?

ಈ ಪುಟವನ್ನು ಮೊದಲ ಸಲ ಓದುತ್ತಿರುವವರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಒಂದು ಜಿಲ್ಲಾ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಕೇಸ್ ಶೀಟ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಕವರು, ಇವುಗಳ ನಡುವೆಯೇ ನನ್ನ ವಯಸ್ಸು ಕಳೆಯಿತು. ಈ ಸಲ ಬಂದ ಪತ್ರಗಳಲ್ಲಿ ಆಭಾ ನಂಬರಿನ, ಅಂದರೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಯ ನಂಬರಿನ ಬಗ್ಗೆ ಕೇಳಿದವರೇ ಜಾಸ್ತಿ. ಅದಕ್ಕೇ ಇಡೀ ಪುಟವನ್ನು ಅದಕ್ಕೆ ಕೊಟ್ಟಿದ್ದೇನೆ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತೆಗೆ 68 ವರ್ಷ. ಶುಗರ್, ಬಿಪಿ ಎರಡೂ ಇದೆ. ಈಗ ಕಿಡ್ನಿಯೂ ಸ್ವಲ್ಪ ವೀಕ್ ಆಗಿದೆ ಅಂತಾರೆ. ಶುಗರ್‌ಗೆ ತಿಪಟೂರು, ಕಿಡ್ನಿಗೆ ತುಮಕೂರು, ಕಣ್ಣಿಗೆ ಬೆಂಗಳೂರು. ಹೋದ ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಆಧಾರ್ ಕೇಳಿ, ಒಟಿಪಿ ತಗೊಂಡು, ಆಭಾ ನಂಬರ್ ಮಾಡಿಕೊಟ್ಟರು. ಇನ್ಮೇಲೆ ಫೈಲು ಹೊತ್ತುಕೊಂಡು ಓಡಾಡೋದು ಬೇಡ್ವಾ? ಮೂರೂ ಕಡೆಯ ರಿಪೋರ್ಟು ತಾನಾಗೇ ಒಂದೇ ಕಡೆ ಕಾಣುತ್ತಾ?
(ಗೃಹಿಣಿ, ತಿಪಟೂರು)

ಉತ್ತರ: ತಾನಾಗಿ ಕಾಣುವುದಿಲ್ಲ ತಾಯಿ. ಫೈಲನ್ನು ಈಗಲೇ ಅಟ್ಟಕ್ಕೆ ಹಾಕಬೇಡಿ.

ಯಾಕೆ ಅಂತ ನನ್ನ ಹಳೇ ಕೆಲಸದ ಲೆಕ್ಕದಲ್ಲೇ ಹೇಳುತ್ತೇನೆ. ಕಂಪ್ಯೂಟರ್ ಬರುವ ಮುಂಚೆ ನಮ್ಮಲ್ಲಿ ಒಂದು ಮರದ ಡ್ರಾ ತುಂಬ ಇಂಡೆಕ್ಸ್ ಕಾರ್ಡ್ ಇರುತ್ತಿತ್ತು. ಒಬ್ಬೊಬ್ಬ ರೋಗಿಗೆ ಒಂದೊಂದು ಕಾರ್ಡು. ಅದರಲ್ಲಿ ಕಾಯಿಲೆ ಬರೆದಿರುವುದಿಲ್ಲ. ಫೈಲು ಯಾವ ರ‍್ಯಾಕಿನಲ್ಲಿದೆ ಅನ್ನುವುದಷ್ಟೇ ಇರುತ್ತದೆ. ಲಕ್ಷ್ಮಮ್ಮ ಅನ್ನುವವರು ತಿಂಗಳಿಗೆ ಹತ್ತಾರು ಜನ ಬರೋರು. ಕೋಂ ಯಾರು, ಯಾವ ಊರು, ವಯಸ್ಸೆಷ್ಟು ಅಂತ ಕೇಳಿ ಕೇಳಿ ಸರಿಯಾದ ಲಕ್ಷ್ಮಮ್ಮನನ್ನು ಹುಡುಕುತ್ತಿದ್ದೆವು. ಆಭಾ ಕೂಡ ಅಂಥ ಒಂದು ಕಾರ್ಡು. 14 ಅಂಕಿಯ ನಂಬರು, ದೇಶದಲ್ಲಿ ಎಲ್ಲಿ ಹೋದರೂ ಅದೇ. ಆದರೆ ಫೈಲು ಆಯಾ ಆಸ್ಪತ್ರೆಯಲ್ಲೇ ಉಳಿಯುತ್ತದೆ. ದೆಹಲಿಯಲ್ಲಿ ಒಂದು ದೊಡ್ಡ ಗೋದಾಮು ಮಾಡಿ ಎಲ್ಲರ ರಿಪೋರ್ಟನ್ನೂ ತುಂಬಿಟ್ಟಿದ್ದಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಇನ್ನೊಬ್ಬ ಡಾಕ್ಟರು ನೋಡಬೇಕೆಂದಾಗ, ನಿಮ್ಮ ಅತ್ತೆ ಒಪ್ಪಿದರೆ ಮಾತ್ರ, ಅದು ಇದ್ದ ಕಡೆಯಿಂದ ಬೇಕಾದ ಕಡೆಗೆ ಹೋಗುತ್ತದೆ.

ಇದಕ್ಕೆ ಎರಡು ಕೆಲಸ ಆಗಿರಬೇಕು. ತಿಪಟೂರು, ತುಮಕೂರಿನ ಡಾಕ್ಟರು ರಿಪೋರ್ಟನ್ನು ಕಂಪ್ಯೂಟರಿನಲ್ಲಿ ಇಟ್ಟಿರಬೇಕು, ಅವರ ಸಾಫ್ಟ್‌ವೇರ್ ಈ ವ್ಯವಸ್ಥೆಗೆ ಸೇರಿರಬೇಕು. ಆಮೇಲೆ ಅಲ್ಲಿನ ದಾಖಲೆಯನ್ನು ಅತ್ತೆಯ ಆಭಾಗೆ ಲಿಂಕ್ ಮಾಡಿರಬೇಕು. ಈ ಆಭಾ ನಂಬರ್ ಕೊಡುವ ಸರ್ಕಾರದ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ದೇಶಕ್ಕೆಲ್ಲ ಶುರುವಾಗಿದ್ದು 2021ರ ಸೆಪ್ಟೆಂಬರ್ 27ರಂದು. ಅದಕ್ಕೂ ಹಿಂದಿನ ವರ್ಷ ಲಡಾಖ್, ಪುದುಚೇರಿ ಸೇರಿ ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮೊದಲು ಮಾಡಿ ನೋಡಿದ್ದರು. ಇಷ್ಟು ವರ್ಷವಾದರೂ ಪೆನ್ನಿನಲ್ಲಿ ಚೀಟಿ ಬರೆದುಕೊಡುವ ಕ್ಲಿನಿಕ್‌ಗಳು ನಮ್ಮ ಸುತ್ತ ಎಷ್ಟಿವೆ ನೀವೇ ನೋಡಿ. ಅವರ ಚೀಟಿ ಆಭಾದಲ್ಲಿ ಬರುವುದು ಹೇಗೆ? ಬೆಂಗಳೂರಿನಲ್ಲಿ ನಂಬರ್ ಕೊಟ್ಟವರು ಈ ಮಾತನ್ನು ಎರಡು ನಿಮಿಷ ನಿಂತು ಹೇಳಬೇಕಿತ್ತು. ಕೌಂಟರಿನ ಗಲಾಟೆಯಲ್ಲಿ ಒಟಿಪಿ ತಗೊಂಡು ಕಳಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಇದು ಬೇಡ ಅನ್ನಬೇಡಿ. ನಿಮ್ಮ ಅತ್ತೆಯಂಥವರಿಗೇ ಇದು ಬೇಕಾಗಿರುವುದು. ತುಮಕೂರಿನವರು ಕಿಡ್ನಿ ವೀಕ್ ಅಂದಿದ್ದಾರೆ. ನಾಳೆ ಮಂಡಿ ನೋವು ಅಂತ ಇನ್ನೊಬ್ಬರ ಹತ್ತಿರ ಹೋದರೆ, ಅವರಿಗೆ ಅದು ಗೊತ್ತಿಲ್ಲದೆ ನೋವಿನ ಮಾತ್ರೆ ಬರೆದುಬಿಡಬಹುದು. ಅಂಥ ಎಷ್ಟೋ ಮಾತ್ರೆ ಕಿಡ್ನಿಗೆ ಕೆಟ್ಟದ್ದು.

ನನ್ನ ಮನೆಯದ್ದೇ ಹೇಳುತ್ತೇನೆ. 2011ರಲ್ಲಿ ಅಮ್ಮ ಮೈಸೂರಿನ ಅಕ್ಕನ ಮನೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶನಿವಾರ ರಾತ್ರಿ. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿದರೆ ರಕ್ತ ಹೆಪ್ಪುಗಟ್ಟುತ್ತಲೇ ಇಲ್ಲ. ಯಾವ ಮಾತ್ರೆ ತಗೋತಾರೆ ಅಂತ ಡಾಕ್ಟರು ಕೇಳಿದರೆ ಅಕ್ಕನಿಗೆ ಗೊತ್ತಿಲ್ಲ. ಅಮ್ಮ ನೋವಿನಲ್ಲಿ, "ಸಂಜೆ ಆರಕ್ಕೆ ಒಂದು ಸಣ್ಣ ಮಾತ್ರೆ, ದಿನ ಬಿಟ್ಟು ದಿನ ಅರ್ಧ" ಅಂದರಂತೆ. ಅದು ವಾರ್ಫರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಎಂಟು ವರ್ಷದ ಹಿಂದೆ ಹೃದಯದ ಕವಾಟ ಬದಲಾಯಿಸಿದ್ದರು. ಆ ಮಾತ್ರೆ ನಿಲ್ಲಿಸದೆ ಆಪರೇಷನ್ ಮಾಡುವ ಹಾಗಿಲ್ಲ. ಸುಮ್ನೆ ನಿಲ್ಲಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಯಾವ ಕವಾಟ, ಎಂಥದ್ದು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ತಗೊಳ್ಳುವ ಸಮಯದ ಅಳತೆ) ಎಷ್ಟಕ್ಕೆ ಇಟ್ಟಿದ್ದರು, ಇದೆಲ್ಲ ಗೊತ್ತಾಗಬೇಕು ಅಂತ ಡಾಕ್ಟರು ಕಾದರು. ಕವಾಟ ಹಾಕಿದ ಆಸ್ಪತ್ರೆಗೆ ನಾನು ಫೋನ್ ಮಾಡಿದೆ. ಭಾನುವಾರ ರೆಕಾರ್ಡ್ ರೂಮಿಗೆ ಬೀಗ, ಸೋಮವಾರ ಅರ್ಜಿ ಕೊಡಿ ಅಂದರು. ಕೊನೆಗೆ ನಮ್ಮ ಮನೆಯ ಬೀರುವಿನಲ್ಲಿದ್ದ ಅಮ್ಮನ ಹಳೇ ಫೈಲನ್ನು ತಮ್ಮ ಹುಡುಕಿ, ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟ. ಸೋಮವಾರ ಬೆಳಿಗ್ಗೆ ಐದೂವರೆಗೆ ಅಕ್ಕನ ಮಗ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಂಡ. ಅಮ್ಮ ಒಂದೂವರೆ ದಿನ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ಸಾವಿರಾರು ಜನರ ಫೈಲು ಕಾಯ್ದವಳು ನಾನು. ಅವತ್ತು ಕೂತು ಅತ್ತುಬಿಟ್ಟೆ.

ಅದಕ್ಕೇ ಹೇಳುವುದು, ಲಿಂಕ್ ಮಾಡಿಸಿ. ತುಮಕೂರಿನಲ್ಲಿ ಮುಂದಿನ ಸಲ ಚೀಟಿ ಮಾಡಿಸುವಾಗ ಆಭಾ ನಂಬರ್ ಹೇಳಿ, "ಇದಕ್ಕೆ ಸೇರಿಸ್ತೀರಾ?" ಅಂತ ಕೇಳಿ. ಸೇರಿಸುವುದಿಲ್ಲ ಅಂದರೆ ಕಾಗದದ ಪ್ರತಿ ತಗೊಳ್ಳಿ. ಮೊಬೈಲ್‌ಗೆ ಆಭಾ ಆ್ಯಪ್ ಹಾಕಿಕೊಂಡರೆ ಸೇರಿದ್ದೆಲ್ಲ ಅಲ್ಲಿ ಕಾಣುತ್ತದೆ.

ಪ್ರಶ್ನೆ: ಆಭಾ ಕಾರ್ಡ್ ಇದ್ದರೆ 5 ಲಕ್ಷದವರೆಗೆ ಚಿಕಿತ್ಸೆ ಫ್ರೀ ಅಂತ ನಮ್ಮ ಬೀದಿಯಲ್ಲಿ ಹೇಳ್ತಿದ್ದಾರೆ. ನಿಜಾನಾ?
(ಆಟೋ ಚಾಲಕರು, ದಾವಣಗೆರೆ)

ಉತ್ತರ: ಅಲ್ಲ. ಅದು ಆಯುಷ್ಮಾನ್ ಕಾರ್ಡು. ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುತ್ತಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವುದು ಆ ಯೋಜನೆಯಲ್ಲಿ. ಆಭಾದಲ್ಲಿ ದುಡ್ಡಿಲ್ಲ, ದಾಖಲೆ ಮಾತ್ರ. ಎರಡರ ಹೆಸರಿನಲ್ಲೂ ಆಯುಷ್ಮಾನ್ ಇರುವುದರಿಂದ ಈ ಗೊಂದಲ. ಆಭಾ ಕಡ್ಡಾಯವೂ ಅಲ್ಲ. ಅದು ಇಲ್ಲ ಅಂತ ಯಾರೂ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಪ್ರಶ್ನೆ: ಮೇಡಂ, ಎರಡು ವರ್ಷದ ಹಿಂದೆ ನನಗೆ ಡಿಪ್ರೆಶನ್ ಆಗಿ ಒಬ್ಬ ಮನೋವೈದ್ಯರ ಹತ್ತಿರ ಮಾತ್ರೆ ತಗೊಂಡಿದ್ದೆ. ಈಗ ಆರಾಮಾಗಿದ್ದೇನೆ. ಮನೆಯಲ್ಲಿ ಅಣ್ಣನಿಗೂ ಗೊತ್ತಿಲ್ಲ. ಈಗ ಚರ್ಮದ ಡಾಕ್ಟರ ಹತ್ತಿರ ಹೋದರೆ ಆಭಾ ಕೇಳಿದರು. ಅವರಿಗೆ ಹಳೇದೆಲ್ಲ ಕಾಣುತ್ತಾ ಅಂತ ಭಯವಾಗಿ ವಾಪಸ್ ಬಂದುಬಿಟ್ಟೆ.
(ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಚರ್ಮದ ಚಿಕಿತ್ಸೆ ಬಿಟ್ಟು ಮನೆಗೆ ಬಂದಿದ್ದೀಯಲ್ಲ, ಅದೇ ನನಗೆ ಬೇಜಾರು. ನಾಳೆಯೇ ಹೋಗು.

ನಂಬರ್ ಹೇಳಿದ ತಕ್ಷಣ ಯಾರಿಗೂ ಏನೂ ಕಾಣುವುದಿಲ್ಲ. ಡಾಕ್ಟರು ನೋಡಬೇಕೆಂದರೆ ನಿನ್ನ ಆ್ಯಪ್‌ಗೆ ಒಂದು ಕೋರಿಕೆ ಬರುತ್ತದೆ. ಅದನ್ನು ಓದದೆ ಒತ್ತಬೇಡ. ಯಾರು ಕೇಳುತ್ತಿದ್ದಾರೆ, ಯಾತಕ್ಕೆ, ಎಂಥ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನದು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಇಷ್ಟೂ ಅದರಲ್ಲಿ ಇರುತ್ತದೆ. ಅದನ್ನು ನೀನು ತಿದ್ದಬಹುದು. ಲ್ಯಾಬ್ ರಿಪೋರ್ಟ್ ಮಾತ್ರ ಸಾಕು, ಈ ವರ್ಷದ್ದು ಸಾಕು, ಇಂಥ ಆಸ್ಪತ್ರೆಯದ್ದು ಬೇಡ ಅಂತ ಆರಿಸಬಹುದು. ಪೂರ್ತಿ ಬೇಡ ಅನ್ನಲೂಬಹುದು. ಕೊಟ್ಟ ಒಪ್ಪಿಗೆಯನ್ನು ಆಮೇಲೆ ವಾಪಸ್ ತಗೊಳ್ಳಲೂಬಹುದು. ಇನ್ನು ಮನೋವೈದ್ಯರ ದಾಖಲೆ ನಿನ್ನ ಆಭಾಗೆ ಲಿಂಕೇ ಆಗಿಲ್ಲದಿದ್ದರೆ ಈ ದಾರಿಯಲ್ಲಿ ಅದು ಹೋಗುವ ಮಾತೇ ಇಲ್ಲ.

ಆದರೆ ಒಂದು ವಿಷಯ ಖಂಡಿತ ನೋಡಿಕೋ. ಆಭಾ ಯಾರ ಮೊಬೈಲ್ ನಂಬರಿಗೆ ಆಗಿದೆ? ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಆಧಾರ್‌ಗೆ ಅಣ್ಣನದೋ ಗಂಡನದೋ ನಂಬರ್ ಕೊಟ್ಟಿರುತ್ತಾರೆ. ಹಾಗಿದ್ದರೆ ಒಟಿಪಿಯೂ ಅವರ ಕೈಗೇ ಹೋಗುತ್ತದೆ. ಆಗ ಒಪ್ಪಿಗೆ ಕೊಡುವವರು ನೀನೋ ಅವರೋ? ಈ ಇಡೀ ವ್ಯವಸ್ಥೆಯಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ. ಕಾನೂನು ಬರೆದವರು ರೋಗಿ ಅಂದರೆ ಒಬ್ಬಳೇ, ಅವಳ ಕೈಯಲ್ಲಿ ಅವಳದೇ ಫೋನ್ ಇದೆ ಅಂದುಕೊಂಡಿದ್ದಾರೆ. ನಿನ್ನದೇ ನಂಬರಿಗೆ ಬದಲಾಯಿಸಿಕೊಂಡು ಆಮೇಲೆ ಮುಂದಿನ ಮಾತು.

ಕಾನೂನು ನಿನ್ನ ಕಡೆಗಿದೆ ಅನ್ನುವುದೂ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿನ್ನ ಚಿಕಿತ್ಸೆಯ ಗುಟ್ಟು ಕಾಯುವುದು ನಿನ್ನ ಹಕ್ಕು ಅಂತಲೇ ಬರೆದಿದೆ. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿಗೆ ಹೋದವರು. ನನಗೆ ಅವರ ಮೇಲೆ ಬಹಳ ಗೌರವ.

ಇನ್ನೊಂದು. ಈಗಲೂ ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಅದರ ಹೆಸರನ್ನು ಚರ್ಮದ ಡಾಕ್ಟರಿಗೆ ಬಾಯಲ್ಲಾದರೂ ಹೇಳು. ಒಂದು ಔಷಧಿಗೆ ಇನ್ನೊಂದು ಆಗದೇ ಇರಬಹುದು.

ಪ್ರಶ್ನೆ: ಕಂಪ್ಯೂಟರಿನಲ್ಲಿಟ್ಟರೆ ಕಳ್ಳರು ಕದಿಯುವುದಿಲ್ಲವೇ? ದೆಹಲಿಯ ದೊಡ್ಡ ಆಸ್ಪತ್ರೆಯದ್ದೇ ಕದ್ದರಲ್ಲ.
(ನಿವೃತ್ತ ಶಿಕ್ಷಕರು, ಸಾಗರ)

ಉತ್ತರ: ಮೇಷ್ಟ್ರೇ, ನೀವು ಹೇಳುತ್ತಿರುವುದು ಏಮ್ಸ್ ಆಸ್ಪತ್ರೆಯ ವಿಷಯ. 2022ರ ನವೆಂಬರ್ 23ರಂದು ಅಲ್ಲಿನ ಸರ್ವರ್‌ಗಳಿಗೆ ದಾಳಿಯಾಯಿತು. ಹೊರಗಿನವರು ದಾಖಲೆಗೆ ಬೀಗ ಜಡಿದಂತೆ ಮಾಡಿಬಿಟ್ಟರು. ಎಷ್ಟೋ ದಿನ ಓಪಿಡಿ, ಲ್ಯಾಬ್ ಎಲ್ಲ ಕೈಬರಹದಲ್ಲೇ ನಡೆಯಿತು. ಅಪಾಯ ಇಲ್ಲ ಅಂತ ನಾನು ಹೇಳಲಾರೆ. ಎಲ್ಲರ ಫೈಲನ್ನೂ ಒಂದೇ ಕಡೆ ರಾಶಿ ಹಾಕಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಆಯಾ ಆಸ್ಪತ್ರೆಯಲ್ಲೇ ಉಳಿದರೆ ಒಂದು ಕಡೆ ಕಳ್ಳ ನುಗ್ಗಿದರೂ ಇನ್ನೊಂದು ಕಡೆಯದ್ದು ಉಳಿಯುತ್ತದೆ. ಆದರೆ ಸಣ್ಣ ನರ್ಸಿಂಗ್ ಹೋಮಿನ ಕಂಪ್ಯೂಟರಿಗೆ ಪಾಸ್‌ವರ್ಡ್ ಮಾನಿಟರಿನ ಮೇಲೇ ಅಂಟಿಸಿರುವುದನ್ನು ನಾನೇ ನೋಡಿದ್ದೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಇದೆ. ಆ ಅಂಟಿಸಿದ ಚೀಟಿ ಕೀಳಿಸಲು ಮಾತ್ರ ಪ್ರತಿ ಆಸ್ಪತ್ರೆಯಲ್ಲೂ ಜವಾಬ್ದಾರಿ ಹೊತ್ತ ಒಬ್ಬರು ಬೇಕು.

ಕಾಗದವೇ ಕ್ಷೇಮ ಅಂತಲೂ ಅಂದುಕೊಳ್ಳಬೇಡಿ. ಒಂದು ಮಳೆಗಾಲದಲ್ಲಿ ನಮ್ಮ ರೂಮಿನ ಸೂರು ಸೋರಿ ಮೂರು ರ‍್ಯಾಕ್ ಫೈಲು ಮುದ್ದೆಯಾಯಿತು. ಉಳಿದದ್ದನ್ನು ಕಾರಿಡಾರಿನಲ್ಲಿ ಹಗ್ಗ ಕಟ್ಟಿ ಒಣಗಿಸಿದೆವು.

ಪ್ರಶ್ನೆ: ನಮ್ಮ ತಂದೆಯವರನ್ನು ಒಂದು ಖಾಸಗಿ ಆಸ್ಪತ್ರೆಯಿಂದ ಬೇರೆ ಕಡೆ ಸೇರಿಸಿದೆವು. ಕೇಸ್ ಶೀಟ್ ಕಾಪಿ ಕೇಳಿದರೆ "ಅದು ಆಸ್ಪತ್ರೆಯ ಆಸ್ತಿ, ಕೊಡೋಕಾಗಲ್ಲ" ಅಂದರು. ಆಭಾ ಮಾಡಿಸಿದ್ದರೆ ಸಿಗುತ್ತಿತ್ತಾ?
(ಕೃಷಿಕರು, ಹಿರಿಯೂರು)

ಉತ್ತರ: ಸಿಗಲು ಆಭಾ ಬೇಕಾಗಿಯೇ ಇಲ್ಲ. ಈ ಉತ್ತರವನ್ನು ಕತ್ತರಿಸಿ ಇಟ್ಟುಕೊಳ್ಳಿ.

ವೈದ್ಯರ ನಡವಳಿಕೆಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ನಿಯಮ ಮಾಡಿದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿಯಾಗಲಿ, ಅವರು ಅಧಿಕಾರ ಕೊಟ್ಟ ಕಡೆಯವರಾಗಲಿ ಕೇಳಿದರೆ, ಕೇಳಿದ್ದಕ್ಕೆ ಸ್ವೀಕೃತಿ ಕೊಟ್ಟು, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಮೂಲ ಕಾಗದ ಅವರ ಹತ್ತಿರವೇ ಇರಲಿ. ಪ್ರತಿ ನಿಮ್ಮದು. "ಆಸ್ಪತ್ರೆಯ ಆಸ್ತಿ" ಅನ್ನುವ ಮಾತನ್ನು ನಮ್ಮಲ್ಲೂ ಹಿಂದಿನವರು ಹೇಳುತ್ತಿದ್ದರು. ಮೈ ಅವರದು, ನೋವು ಅವರದು, ಕಾಗದ ಮಾತ್ರ ನಮ್ಮದು ಹೇಗಾಗುತ್ತದೆ?

ಬಾಯಲ್ಲಿ ಕೇಳಬೇಡಿ. ಬಿಳಿ ಹಾಳೆಯಲ್ಲಿ ತಂದೆಯ ಹೆಸರು, ಐಪಿ (ಒಳರೋಗಿ) ನಂಬರು, ಸೇರಿದ ಮತ್ತು ಬಿಟ್ಟ ತಾರೀಖು ಬರೆಯಿರಿ. "ಒಳರೋಗಿ ದಾಖಲೆಯ ಪೂರ್ತಿ ಪ್ರತಿ ಬೇಕು" ಅನ್ನಿ. ತಂದೆಯವರ ಸಹಿ ಇರಲಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಬಿದ್ದ ಅರ್ಜಿಗೆ ತೂಕ ಬೇರೆ. ಜೆರಾಕ್ಸ್ ದುಡ್ಡು ಕೇಳಿದರೆ ಕೊಟ್ಟುಬಿಡಿ. 72 ಗಂಟೆ ಕಳೆದರೂ ಕೊಡದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಬಹುದು. ಸ್ಕ್ಯಾನ್ ಮಾಡಿಸಿದ್ದರೆ ಫಿಲ್ಮಿನ ಜೊತೆ ಸಿಡಿಯನ್ನೂ ಕೇಳಿ. ಹೊಸ ಡಾಕ್ಟರಿಗೆ ಅದೇ ಜಾಸ್ತಿ ಉಪಯೋಗ.

ಪ್ರಶ್ನೆ: ನನಗೆ 74. ಹಳೇ ಫೈಲುಗಳು ಒಂದು ಟ್ರಂಕ್ ಆಗಿವೆ. ಮೊಮ್ಮಗ ಫೋಟೋ ತೆಗೆದು ಮೊಬೈಲಿನಲ್ಲಿ ಹಾಕಿ ಎಲ್ಲಾ ಸುಟ್ಟುಬಿಡೋಣ ಅಂತಾನೆ.
(ಓದುಗರು, ಚಿಂತಾಮಣಿ)

ಉತ್ತರ: ಸುಡಬೇಡಿ ಯಜಮಾನರೇ. ಫೋಟೋ ತೆಗೆಯಲಿ, ಆ್ಯಪ್‌ಗೂ ಹಾಕಲಿ. ಆದರೆ ಡಿಸ್ಚಾರ್ಜ್ ಸಮ್ಮರಿಗಳು, ಆಪರೇಷನ್ ನೋಟ್, ಬಯಾಪ್ಸಿ ರಿಪೋರ್ಟ್, ಎಕೋ, ಮೊದಲ ಇಸಿಜಿ, ಇವು ಮೂಲದಲ್ಲೇ ಇರಲಿ. ಹತ್ತು ವರ್ಷದ ಹಿಂದಿನ ಶುಗರ್ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು ಬೇಕಿಲ್ಲ. ಎಲ್ಲದರ ಮೇಲೆ ಒಂದು ಹಾಳೆ ಇಡಿ. ಈಗ ನುಂಗುವ ಮಾತ್ರೆಗಳ ಹೆಸರು, ಯಾವ ಹೊತ್ತಿಗೆ ಎಷ್ಟು, ಯಾವ ಔಷಧಿ ಆಗಿಬರುವುದಿಲ್ಲ, ರಕ್ತದ ಗುಂಪು, ಆಭಾ ನಂಬರು, ಮನೆಯವರ ಫೋನು. ಮೊಮ್ಮಗನಿಂದಲೇ ದಪ್ಪ ಅಕ್ಷರದಲ್ಲಿ ಬರೆಸಿ. ಅದೇ ಹಾಳೆಯ ಜೆರಾಕ್ಸ್ ಒಂದನ್ನು ಮಡಚಿ ಜೇಬಿನಲ್ಲಿ, ಆಧಾರ್ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ. ಅಮ್ಮ ಮೈಸೂರಿನಿಂದ ವಾಪಸ್ ಬಂದ ಮೇಲೆ ಅವರ ಪರ್ಸಿನಲ್ಲಿ ನಾನು ಇಟ್ಟಿದ್ದು ಅದನ್ನೇ.