‘ಒಂಥರಾ ಮನುಷ್ಯ’ ಅಂದರೆ ಹೊಗಳಿಕೆಯಾ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಎಲ್ಲರೂ ನೋಡಿ ಮುಗಿಸಿದ್ದ ಲೆಕ್ಕದಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ಒಂದು ತಪ್ಪು ಹಿಡಿದು ನನ್ನ ಮಾನ ಉಳಿಸಿದರು. ಖುಷಿಯಿಂದ ‘ಯೂ ಆರ್ ಎ ಪೆಕ್ಯೂಲಿಯರ್ ಪರ್ಸನ್’ ಅಂತ ಮೆಸೇಜ್ ಹಾಕಿದೆ. ಆ ಪದಕ್ಕೆ ನಿಘಂಟಿನಲ್ಲಿ ‘ವಿಶಿಷ್ಟ’ ಎಂಬ ಅರ್ಥ ಇದೆ. ಅವರು ಎರಡು ದಿನ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ. ಸ್ಟ್ರೇಂಜ್, ಆಡ್, ವಿಯರ್ಡ್, ಪೆಕ್ಯೂಲಿಯರ್ ಎಲ್ಲಕ್ಕೂ ನಿಘಂಟು ‘ವಿಚಿತ್ರ’ ಅಂತಲೂ ಹೇಳುತ್ತದೆ. ಒಂದೇ ಅರ್ಥಕ್ಕೆ ಇಷ್ಟೊಂದು ಪದ ಯಾಕೆ? ನಾನು ಎಡವಿದ್ದು ಎಲ್ಲಿ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಕ್ಷಮಿಸಿ. ಆಮೇಲೆ ನನ್ನದೇ ಹಳೇ ಪ್ರಸಂಗ ನೆನಪಾಗಿ ನಗು ನಿಂತಿತು. ಅದನ್ನು ಮುಂದೆ ಹೇಳುತ್ತೇನೆ.

ನಿಮ್ಮ ನಿಘಂಟಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಹಳೇ ಸುದ್ದಿ ಕೊಟ್ಟಿದೆ, ಅಷ್ಟೇ. ಲ್ಯಾಟಿನ್‌ನಲ್ಲಿ ‘ಪೆಕು’ ಅಂದರೆ ದನಕರು. ಅದರಿಂದ ಹುಟ್ಟಿದ ‘ಪೆಕೂಲಿಯಂ’ ಅಂದರೆ ಒಬ್ಬನ ಸ್ವಂತ ಆಸ್ತಿ. ದನವೇ ಧನ ಆಗಿದ್ದ ಕಾಲ ನೋಡಿ. ಹಾಗಾಗಿ ಪೆಕ್ಯೂಲಿಯರ್ ಅಂದರೆ ಮೊದಲು ‘ತನಗೇ ಸೇರಿದ್ದು’ ಎಂದಷ್ಟೇ ಅರ್ಥ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ದೇವರು ಆರಿಸಿಕೊಂಡ ಜನರನ್ನು ‘ಪೆಕ್ಯೂಲಿಯರ್ ಪೀಪಲ್’ ಅಂತ ಕರೆದಿದ್ದಾರೆ. ಅಲ್ಲಿ ಅದು ದೊಡ್ಡ ಮರ್ಯಾದೆ. ಈಗಲೂ ‘ಪೆಕ್ಯೂಲಿಯರ್ ಟು’ ಅಂದರೆ ‘ಇದಕ್ಕೆ ಮಾತ್ರ ಸೇರಿದ ಗುಣ’ ಎಂದೇ ಅರ್ಥ. ಅಲ್ಲಿ ಬೈಗುಳದ ಸುಳಿವೇ ಇಲ್ಲ.

ಆದರೆ ಆ ‘ಟು’ ಬಿಟ್ಟು ನೇರವಾಗಿ ಒಬ್ಬ ಮನುಷ್ಯನಿಗೆ ಅಂಟಿಸಿದರೆ ಕಥೆಯೇ ಬೇರೆ. ಇದಕ್ಕೆ ಸರಿಯಾದ ಕನ್ನಡ ‘ವಿಶಿಷ್ಟ’ವೂ ಅಲ್ಲ, ‘ವಿಚಿತ್ರ’ವೂ ಅಲ್ಲ. ನಾವು ದಿನಾ ಆಡುವ ‘ಒಂಥರಾ’. ‘ಅವರು ಒಂಥರಾ ಮನುಷ್ಯ’ ಅಂತ ಯಾರಾದರೂ ಅಂದರೆ ಏನರ್ಥ? ಏನೋ ಇದೆ, ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ನೀವೇ ಅರ್ಥ ಮಾಡಿಕೊಳ್ಳಿ. ‘ಈ ಹಾಲು ಒಂಥರಾ ವಾಸನೆ’ ಅಂದರೆ ಕುಡಿಯಬೇಡಿ ಅಂತ. ‘ನನಗೆ ಒಂಥರಾ ಆಗ್ತಿದೆ’ ಅಂದರೆ ಕುರ್ಚಿ ತಂದುಕೊಡಬೇಕು. ಇಂಗ್ಲಿಷರೂ ಮೈ ಸರಿಯಿಲ್ಲದಾಗ ‘ಐ ಫೀಲ್ ಪೆಕ್ಯೂಲಿಯರ್’ ಅನ್ನುತ್ತಾರೆ. ಮನುಷ್ಯ, ವಾಸನೆ, ಮೈ, ಮೂರಕ್ಕೂ ಎರಡು ಭಾಷೆಯಲ್ಲೂ ಒಂದೊಂದೇ ಪದ! ನೀವು ಆ ಹಿರಿಯರಿಗೆ ‘ಸಾರ್, ನೀವು ಒಂಥರಾ’ ಅಂತ ಬರೆದಿದ್ದೀರಿ. ಎರಡೇ ದಿನಕ್ಕೆ ಮುನಿಸು ಮುಗಿಸಿದರಲ್ಲ, ಒಳ್ಳೆಯವರು.

ಈಗ ನನ್ನ ಪ್ರಸಂಗ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲೇಖನ ಅನುವಾದ ಮಾಡುತ್ತಿದ್ದೆ. ಒಬ್ಬ ಬಡವ ‘ಆಡ್ ಜಾಬ್ಸ್’ ಮಾಡಿ ಬದುಕುತ್ತಿದ್ದ ಅಂತ ಮೂಲದಲ್ಲಿತ್ತು. ನಾನು ‘ವಿಚಿತ್ರ ಕೆಲಸಗಳನ್ನು ಮಾಡಿ ಹೊಟ್ಟೆ ಹೊರೆಯುತ್ತಿದ್ದ’ ಅಂತ ಬರೆದೆ. ಅಚ್ಚೂ ಆಯಿತು. ಒಬ್ಬ ಓದುಗರು ಕಾರ್ಡು ಬರೆದು ಕೇಳಿದರು: ‘ಆ ವಿಚಿತ್ರ ಕೆಲಸ ಯಾವುದು ಅಂತ ತಿಳಿಸಿದರೆ ನಾನೂ ಮಾಡಬಹುದಿತ್ತು.’

ಅದು ‘ಚಿಲ್ಲರೆ ಕೆಲಸ’ ಆಗಬೇಕಿತ್ತು. ಚಿಲ್ಲರೆ ಎಷ್ಟು ಸರಿಯಾಗಿ ಕೂರುತ್ತದೆ ಅಂದರೆ, ‘ಥರ್ಟಿ ಆಡ್ ಪೀಪಲ್’ ಅನ್ನುವುದಕ್ಕೂ ನಾವು ‘ಮೂವತ್ತು ಚಿಲ್ಲರೆ ಜನ’ ಅನ್ನುತ್ತೇವೆ. ಆಡ್ ಪದದ ಬೇರು ಸ್ಕ್ಯಾಂಡಿನೇವಿಯಾ ಕಡೆಯ ಹಳೆಯ ನಾರ್ಸ್ ಭಾಷೆಯ ‘ಒಡ್ಡಿ’. ಅಂದರೆ ತ್ರಿಕೋನದ ತುದಿ. ಕೆಳಗೆ ಎರಡು ಮೂಲೆ ಜೋಡಿಯಾಗಿವೆ, ಮೇಲಿನದು ಒಂಟಿ. ಅಲ್ಲಿಂದ ಮೂರನೆಯದು, ಜೋಡಿ ಸಿಗದೆ ಮಿಕ್ಕಿದ್ದು ಅಂತ ಅರ್ಥ ಬೆಳೆಯಿತು. ಆದ್ದರಿಂದಲೇ ಬೆಸ ಸಂಖ್ಯೆಗೂ ಆಡ್ ಅನ್ನುತ್ತಾರೆ. ಒಂಟಿ ಕಾಲುಚೀಲವೂ ಆಡ್. ಅದರಲ್ಲಿ ವಿಚಿತ್ರ ಏನಿದೆ ಹೇಳಿ? ಜೋಡಿ ಇಲ್ಲ, ಅಷ್ಟೇ.

ಸ್ಟ್ರೇಂಜ್ ಹಾಗಲ್ಲ. ಅದು ಲ್ಯಾಟಿನ್‌ನ ‘ಎಕ್ಸ್‌ಟ್ರೇನಿಯಸ್’, ಅಂದರೆ ‘ಹೊರಗಿನದು’ ಎಂಬ ಪದದಿಂದ ಹಳೆಯ ಫ್ರೆಂಚ್ ಮೂಲಕ ಬಂದದ್ದು. ಸ್ಟ್ರೇಂಜರ್ ಅದರದೇ ಸಂಬಂಧಿ. ಇಲ್ಲಿ ನನಗೆ ಇಷ್ಟವಾಗುವ ಒಂದು ವ್ಯತ್ಯಾಸ ಇದೆ. ಸ್ಟ್ರೇಂಜ್ ಅನ್ನುವುದು ಪರಿಚಯವಾದರೆ ಕರಗುತ್ತದೆ. ಹೊಸ ಮನೆಯ ಸದ್ದುಗಳು ಮೊದಲ ರಾತ್ರಿ ಸ್ಟ್ರೇಂಜ್, ತಿಂಗಳು ಕಳೆದರೆ ಕಿವಿಗೇ ಬೀಳುವುದಿಲ್ಲ. ಆಡ್ ಕರಗುವುದಿಲ್ಲ. ಒಂಟಿ ಕಾಲುಚೀಲವನ್ನು ಹತ್ತು ವರ್ಷ ನೋಡಿದರೂ ಅದು ಒಂಟಿಯೇ.

ವಿಯರ್ಡ್ ಪಾಪ, ತುಂಬಾ ಎತ್ತರದಿಂದ ಬಿದ್ದ ಪದ. ಹಳೆಯ ಇಂಗ್ಲಿಷ್‌ನಲ್ಲಿ ‘ವಿರ್ಡ್’ ಅಂದರೆ ವಿಧಿ, ಹಣೆಬರಹ. ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಮೂವರು ಮಾಟಗಾತಿಯರು ‘ವಿಯರ್ಡ್ ಸಿಸ್ಟರ್ಸ್’. ಹಾಗೆಂದರೆ ಹಣೆಬರಹದ ಅಕ್ಕತಂಗಿಯರು. ಈಗ ಪಕ್ಕದವನು ಊಟದ ಕೊನೆಗೆ ಉಪ್ಪಿನಕಾಯಿ ನೆಕ್ಕಿದರೂ ವಿಯರ್ಡ್! ಇವತ್ತು ಆ ಪದ ಎದುರಿಗಿರುವ ವಸ್ತುವಿಗಿಂತ ಹೇಳುವವನ ಮುಖವನ್ನೇ ಜಾಸ್ತಿ ತೋರಿಸುತ್ತದೆ. ಮೂಗು ಸ್ವಲ್ಪ ಮುರಿದಿರುತ್ತದೆ, ಅಲ್ವಾ? ಆಫೀಸಿನ ಇಮೇಲ್‌ನಲ್ಲಿ ಇದನ್ನು ಬರೆಯಬೇಡಿ.

ಫ್ಯಾನಿನ ಉದಾಹರಣೆ ತೆಗೆದುಕೊಳ್ಳಿ. ತಿರುಗುವಾಗ ಮೂರು ಸುತ್ತಿಗೊಮ್ಮೆ ‘ಟಕ್’ ಅಂದರೆ ಅದು ಆಡ್ ಸದ್ದು, ಎಲ್ಲೋ ಲೆಕ್ಕ ತಪ್ಪಿದೆ, ರಿಪೇರಿಯವನನ್ನು ಕರೆಯುತ್ತೀರಿ. ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗದಿದ್ದರೆ ಸ್ಟ್ರೇಂಜ್. ಆ ಸದ್ದು ತೀರಿಕೊಂಡ ತಾತನ ಕೆಮ್ಮಿನ ಹಾಗೇ ಕೇಳಿಸಿದರೆ? ಅದು ಅನ್‌ಕ್ಯಾನಿ. ಗೊತ್ತಿರುವುದೇ ಗೊತ್ತಿಲ್ಲದ ಜಾಗದಲ್ಲಿ ಎದುರಾದಾಗ ಬೆನ್ನಲ್ಲಿ ಛಳಕ್ ಅನ್ನುತ್ತದಲ್ಲ, ಅದು. ಮನೋವಿಶ್ಲೇಷಣೆಯ ಫ್ರಾಯ್ಡ್ 1919ರಲ್ಲಿ ಈ ಒಂದು ಭಾವದ ಮೇಲೇ ಪ್ರಬಂಧ ಬರೆದ. ಜಪಾನಿನ ರೋಬೋ ತಜ್ಞ ಮಸಾಹಿರೋ ಮೋರಿ 1970ರಲ್ಲಿ ಇನ್ನೊಂದು ಮಾತು ಸೇರಿಸಿದರು. ರೋಬೋ ಮನುಷ್ಯನನ್ನು ಹೋಲುತ್ತಾ ಹೋದಷ್ಟೂ ನಮಗೆ ಇಷ್ಟವಾಗುತ್ತದೆ, ಆದರೆ ಹೆಚ್ಚುಕಡಿಮೆ ಮನುಷ್ಯನೇ ಅನ್ನುವ ಹಂತಕ್ಕೆ ಬಂದಾಗ ಇದ್ದಕ್ಕಿದ್ದಂತೆ ಹೇಸಿಗೆ ಹುಟ್ಟುತ್ತದೆ. ಇಂಗ್ಲಿಷ್‌ನಲ್ಲಿ ಇದಕ್ಕೆ ‘ಅನ್‌ಕ್ಯಾನಿ ವ್ಯಾಲಿ’ ಅಂತ ಹೆಸರು. ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದ ಹುಡುಕಿ ಹುಡುಕಿ ಸೋತಿದ್ದೇನೆ. ನಿಮಗೆ ಹೊಳೆದರೆ ಬರೆಯಿರಿ.

ಉಳಿದವು ಬೇಗ ಬೇಗ. ಎಕ್ಸೆಂಟ್ರಿಕ್ ಅಂದರೆ ಕೇಂದ್ರ ತಪ್ಪಿದ್ದು. ಗ್ರೀಕಿನ ‘ಕೆಂತ್ರೋನ್’ ಆ ಪದದ ಒಳಗಿದೆ, ನಮ್ಮ ‘ಕೇಂದ್ರ’ವೂ ಅದೇ ಗ್ರೀಕ್ ಪದ ಸಂಸ್ಕೃತಕ್ಕೆ ಬಂದು ಆದದ್ದು. ಬಡವ ಹಾಗೆ ಆಡಿದರೆ ಹುಚ್ಚ, ಸಾಹುಕಾರ ಆಡಿದರೆ ಎಕ್ಸೆಂಟ್ರಿಕ್, ಇದು ನನ್ನ ಅನುಭವ. ಕ್ವೇಂಟ್ ಅಂದರೆ ಹಳೇ ಕಾಲದ್ದು, ಮುದ್ದಾಗಿದೆ ಅಂತ. ಆದರೆ ಆ ಮುದ್ದಿನಲ್ಲಿ ‘ನಾವು ಮುಂದುವರಿದವರು’ ಎಂಬ ಸಣ್ಣ ಜಂಬ ಇರುತ್ತದೆ. ರೇರ್ ಅಂದರೆ ಅಪರೂಪ, ಅದಕ್ಕೆ ಬೆಲೆ ಉಂಟು. ಅನ್‌ಯೂಶುವಲ್ ಎಲ್ಲಕ್ಕಿಂತ ಸಾಧು, ಯಾರಿಗೂ ಚುಚ್ಚುವುದಿಲ್ಲ. ಕ್ವಿಯರ್ ಪದವನ್ನು ಹಳೇ ಕಾದಂಬರಿಗಳಲ್ಲಿ ‘ವಿಚಿತ್ರ’ ಅಂತ ಓದಿರುತ್ತೀರಿ. ಆಮೇಲೆ ಅದು ಸಲಿಂಗಿಗಳನ್ನು ಹೀಯಾಳಿಸುವ ಪದವಾಯಿತು, ಈಗ ಅವರಲ್ಲಿ ಎಷ್ಟೋ ಜನ ಹೆಮ್ಮೆಯಿಂದ ತಮ್ಮ ಗುರುತಾಗಿ ಮಾಡಿಕೊಂಡಿದ್ದಾರೆ. ಹಳೇ ಅರ್ಥದಲ್ಲಿ ಬಳಸದಿರುವುದೇ ಒಳ್ಳೆಯದು.

ನಿಮ್ಮ ಹಿರಿಯರಿಗೆ ಏನು ಬರೆಯಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವರಿಗೆ ಇನ್ನೊಂದು ವಿಶೇಷಣ ಹುಡುಕಲು ಹೋಗಬೇಡಿ, ನಿಘಂಟಂತೂ ತೆರೆಯಲೇಬೇಡಿ. ‘ಯಾರ ಕಣ್ಣಿಗೂ ಬೀಳದ ತಪ್ಪು ನಿಮ್ಮ ಕಣ್ಣಿಗೆ ಬಿತ್ತು, ನಾನು ಬಚಾವಾದೆ’ ಅಂತ ಬರೆಯಿರಿ. ಕನ್ನಡದಲ್ಲೇ ಬರೆದರೂ ನಡೆಯುತ್ತದೆ.

– ಸಂಪಾದಕ